ಹತ್ತಿ ಬೀಜದ ಗುಟ್ಟು



ರಾಯಚೂರು, ದೇವದುರ್ಗ, ಮಾನ್ವಿ ಕಡೆ ನಾವು ಜೋಳ ಬಿತ್ತುತ್ತೇವೆ, ಹತ್ತಿ ಬಿತ್ತುತ್ತೇವೆ. ಬಿಳಿಜೋಳದ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಡುತ್ತೇವೆ. ಮರುವರ್ಷ ಅಂಥದೇ ಜೋಳ ಬರ್ತದೆ. ಆದರೆ ಹೈಬ್ರಿಡ್ ಹತ್ತಿಯ ಬೀಜ ಇಟ್ಟುಕೊಂಡು ಬಿತ್ತಿದರೆ ಏನಾಗ್ತದೆ? ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಎಳೆ ಉದ್ದ, ಇನ್ನೊಂದರದು ಮೋಟು. ಇಳುವರಿ ಕಡಿಮೆ. ಮಾಡಿದ ಸಾಲ ಹಾಗೇ ಉಳೀತದೆ. ಯಾಕೆ ಹೀಗೆ? ಬನ್ನಿ, ತಿಳಿಯೋಣ.

ಗೋಡೆಗೆ ಕಲ್ಲು ಹೇಗೋ, ಗಿಡಕ್ಕೆ ಜೀವಕೋಶ ಹಾಗೆ. ಅದು ಬಹಳ ಸಣ್ಣದು, ಬರಿಗಣ್ಣಿಗೆ ಕಾಣದು. ಅದರೊಳಗೆ ವರ್ಣತಂತು ಎಂಬ ಎಳೆಗಳಿವೆ. ಗಿಡದ ಎತ್ತರ, ಕಾಯಿಯ ಗಾತ್ರ, ಎಳೆಯ ಉದ್ದ, ಎಲ್ಲ ಗುಣಗಳೂ ಅವುಗಳಲ್ಲಿ ಬರೆದಿಟ್ಟಂತೆ ಇರ್ತವೆ. ಮನುಷ್ಯರ ಕೋಶದಲ್ಲಿ ಇಂಥ 46 ಎಳೆ. ಜೋಳದಲ್ಲಿ 20. ಈಗ ನಾವು ಬೆಳೆಯುವ ಹತ್ತಿಯಲ್ಲಿ 52.

ಗಿಡ ಬೆಳೆಯುವುದು ಅಂದರೆ ಏನು? ಒಂದು ಕೋಶ ಎರಡಾಗ್ತದೆ, ಎರಡು ನಾಲ್ಕಾಗ್ತವೆ. ಕೋಶ ಒಡೆಯುವ ಮೊದಲೇ 52 ಎಳೆಗಳಿಗೂ ನಕಲು ತಯಾರಾಗ್ತದೆ. ಎರಡು ಕೋಶಗಳಿಗೂ 52, 52 ಹಂಚಿಕೆ. ಅದಕ್ಕೇ ಬೇರಿನಲ್ಲೂ ಎಲೆಯಲ್ಲೂ ಒಂದೇ ಬರಹ.

ಹೂವಿನಲ್ಲಿ ಮಾತ್ರ ಲೆಕ್ಕ ಬೇರೆ. ಗಂಡು ಪರಾಗಕ್ಕೆ ಅರ್ಧ, ಅಂದರೆ 26. ಹೆಣ್ಣು ಅಂಡಕ್ಕೂ 26. ಎರಡೂ ಕೂಡಿದರೆ ಮತ್ತೆ 52. ಅದೇ ಬೀಜ. ತಾಯಿಯದು ಅರ್ಧ, ತಂದೆಯದು ಅರ್ಧ.

ಜೋಳದ ತೆನೆಗೆ ಹೆಚ್ಚಾಗಿ ಅದರದೇ ಪರಾಗ ಬೀಳ್ತದೆ. ಎರಡೂ ಕಡೆ ಒಂದೇ ಬರಹ. ಹಾಗಾಗಿ ಗುಣ ಬದಲಾಗದು.

ಹೈಬ್ರಿಡ್ ಹಾಗಲ್ಲ. ಅದು ಎರಡು ಬೇರೆ ತಳಿಗಳನ್ನು ಕೂಡಿಸಿದ ಬೀಜ. ಸಂಜೆ ಒಂದು ತಳಿಯ ಮೊಗ್ಗಿನಿಂದ ಗಂಡು ಭಾಗ ತೆಗೀತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸವರ್ತಾರೆ. ಧಾರವಾಡದ ವಿಜ್ಞಾನಿಗಳು 1972ರಲ್ಲಿ ಕೊಟ್ಟ 'ವರಲಕ್ಷ್ಮಿ' ಹತ್ತಿ ಹೀಗೆ ಹುಟ್ಟಿದ್ದು. ನಮ್ಮ 'ಲಕ್ಷ್ಮಿ' ಹತ್ತಿ ತಾಯಿ. ಉದ್ದ ಎಳೆಯ ಬೇರೆ ಜಾತಿಯ ಹತ್ತಿ ತಂದೆ.

ಮೊದಲ ವರ್ಷ ಎಲ್ಲ ಗಿಡ ಒಂದೇ ಸಮ. ಆ ಗಿಡ ಹೂ ಬಿಟ್ಟಾಗ ತಾಯಿಯ ಎಳೆ, ತಂದೆಯ ಎಳೆ ಕಲೆತು ಹಂಚಿಕೆ ಆಗ್ತವೆ. ಇಸ್ಪೀಟು ಕಲಸಿ ಹಂಚಿದಂತೆ, ಒಂದೊಂದು ಬೀಜಕ್ಕೆ ಒಂದೊಂದು ಪಾಲು. ಇದು ಭೂಮಿಯ ತಪ್ಪಲ್ಲ, ಬಿತ್ತಿದವರ ಕೈಗುಣವೂ ಅಲ್ಲ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯೂ ಹೈಬ್ರಿಡ್ಡೇ. ಅದರ ಬೀಜ ಇಟ್ಟು ಬಿತ್ತಿದರೆ ಕೆಲವು ಗಿಡಗಳಲ್ಲಿ ಹುಳು ತಡೆಯುವ ಗುಣವೇ ಇರುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಅಗ್ಗ ಅಂತ ಬಿಡಿ ಹತ್ತಿ ಬೀಜ ಕೊಳ್ಳಬಾರದು. ಪಾಕೀಟಿನ ಮೇಲೆ ತಳಿಯ ಹೆಸರು, ಲಾಟ್ ನಂಬರು, ಅವಧಿ ಮುಗಿಯುವ ದಿನ ನೋಡಬೇಕು. ರಸೀದಿ ಕೇಳಿ ಪಡೆಯಬೇಕು. ರಸೀದಿ, ಖಾಲಿ ಪಾಕೀಟು ಎರಡನ್ನೂ ಬೆಳೆ ಮನೆಗೆ ಬರುವವರೆಗೆ ಜೋಪಾನವಾಗಿ ಇಡಬೇಕು. ಬಿಳಿಜೋಳದ ಬೀಜ ಮಾತ್ರ ಮನೆಯಲ್ಲೇ ಇಡೋಣ.

ಈಗ ನಮಗೆ ಓದಲು ಬರ್ತದೆ. ಬಿತ್ತುವ ಮೊದಲು ಪಾಕೀಟು ಓದೋಣ.