ಒಳಗೆ ಹಾಡು, ಹೊರಗೆ ನಾವು

(ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮ ಮೊಬೈಲಿನಾಗ ರಘು ದೀಕ್ಷಿತ್ ಹಾಡಿದ ಗುಡುಗುಡಿಯ ಹಾಡು ಐತಿ. 2008ರಲ್ಲಿ ಬಂದ ಅವರ ಮೊದಲ ಆಲ್ಬಂನದು. ಗಿಟಾರಿನ ಹಾಡು, ಕುಣೀರಿ, ಬ್ಯಾಡ ಅನ್ನೋದಿಲ್ಲ. ಕಟ್ಟಿದವರು ಶರೀಫರು ಅಂತಲೂ ನಿಮಗೆ ಗೊತ್ತು. ಆದರೆ ಆ ಹಾಡು ಯಾರ ಬಾಯಲ್ಲಿ ಉಳಿದು ಬಂತು? ಅದನ್ನ ಹೇಳಾಕ ಬಂದೀನಿ.

ಶರೀಫರು ಹುಟ್ಟಿದ್ದು 1819ರಲ್ಲಿ, ಇದೇ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ. ತಂದೆ ಇಮಾಮ್ ಸಾಹೇಬ, ತಾಯಿ ಹಜ್ಜೂಮಾ. ಕೆಲಕಾಲ ಸಾಲಿ ಮಾಸ್ತರರಾಗಿದ್ದರು. ಅದನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಹಿಂದೆ ಹೊರಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆ ಬೈಗುಳ ತಿಂದರು ಅಂತ ಈ ಕಡೆ ಮಂದಿ ಈಗಲೂ ಹೇಳತಾರೆ. 1889ರಲ್ಲಿ ತೀರಿಕೊಂಡರು.

ಅವರು ಹಾಡಿಗೆ ಹುಡುಕಿದ್ದು ಶಾಸ್ತ್ರದ ಮಾತನ್ನಲ್ಲ. ಸೋರುವ ಮಾಳಿಗೆ, ಗುಡುಗುಡಿ, ಕೋಳಿ, ಮುದುಕಿ, ಆಗ ಹೊಸದಾಗಿ ಬಂದ ಗಿರಣಿ, ಇವೇ ಅವರ ಪದಗಳಾದವು. ಆಗ ರೆಕಾರ್ಡಿಲ್ಲ, ಕ್ಯಾಸೆಟ್ಟಿಲ್ಲ. ಹಳ್ಳಿಯ ಭಜನಾ ಮೇಳಗಳು ಬಾಯಿಂದ ಬಾಯಿಗೆ ಅವನ್ನು ಉಳಿಸಿದವು. ಸಿ. ಅಶ್ವಥ್ ಹಾಡಿದ ಮೇಲೆ, 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲೆ, ಪಟ್ಟಣಗಳಲ್ಲಿ ಮನೆ ಮನೆಗೂ ಮುಟ್ಟಿದವು.

ಈಗ ನಮ್ಮಪ್ಪನ ಮಾತು. ನಾನು ಹಿರೇಕೆರೂರು ಕಡೆಯವ. ನಮ್ಮೂರ ಗುಡಿಯಲ್ಲಿ ಸೋಮವಾರ ಭಜನಿ. ಅಪ್ಪನಿಗೆ ಅಕ್ಷರ ಬರತಿರಲಿಲ್ಲ, ಶರೀಫರ ಪದ ಮಾತ್ರ ಬಾಯಿಪಾಠ. ಒಳಗಿನವರು ನಡುವೆ ಮರೆತರೆ ಕಿಟಕಿ ಕಡೆ ತಿರುಗಿ, “ಮುಂದೇನಲೇ?” ಅಂತಿದ್ದರು. ಕಟ್ಟೆ ಕೆಳಗೆ ನಿಂತ ಅಪ್ಪ ಮುಂದಿನ ಸಾಲು ಹೇಳತಿದ್ದ. ಸಾಲು ಒಳಗೆ ಹೋಗತಿತ್ತು, ಅಪ್ಪ ಹೊರಗೇ ಉಳೀತಿದ್ದ. ಪ್ರಸಾದ ಮೇಲಿಂದ ಅಂಗೈಗೆ ಬೀಳತಿತ್ತು. ಇದೇ ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರಿಗೆ ಉಡುಪಿಯಲ್ಲಿ ಕಿಂಡಿ ಸಿಕ್ಕಿತಂತೆ. ನಮ್ಮಪ್ಪನಿಗೆ ಸಿಕ್ಕಿದ್ದೂ ಕಿಂಡಿಯೇ.

ಗೋವಿಂದಭಟ್ಟರು ಶರೀಫರಿಗೆ ಜನಿವಾರ ಹಾಕಿದರು ಅನ್ನುವ ಕಥೆ ಹೇಳಿ, ವೇದಿಕೆ ಮೇಲೆ ಭಾವೈಕ್ಯದ ಭಾಷಣ ಮಾಡತಾರೆ, ಚಪ್ಪಾಳೆ ಬೀಳತಾವ. ಆ ಕಾಲಕ್ಕೆ ಅದು ಗಂಡೆದೆಯ ಕೆಲಸವೇ. ಆದರೂ ನನ್ನದೊಂದು ಪ್ರಶ್ನೆ. ಸಮಾನವಾಗಿ ಕೂರಲು ಮೈಮೇಲೆ ದಾರ ಬೇಕಿತ್ತೇ? ಹಾಗಾದರೆ ನಮ್ಮಪ್ಪನಿಗೆ ಯಾವ ದಾರ ಹಾಕತೀರಿ? ದಾರ ಬ್ಯಾಡ, ಬಾಗಿಲು ತೆಗೀರಿ. ಕೇರಿಯನ್ನು ಹೊರಗಿಟ್ಟು ಎಣಿಸಿದ ಐಕ್ಯ ಅರ್ಧ ಲೆಕ್ಕ.

ಈ ಮಾತಿಗೆ ಶರೀಫರ ಮೇಲೆ ಸಿಟ್ಟಾಗಬೇಡಿ. ಅವರು ಯಾರಿಗೂ ಬಾಗಿಲು ಹಾಕಿದವರಲ್ಲ. ಹಾಡನ್ನು ಒಳಗೆ ಕರೆದು ಹಾಡಿದವನನ್ನು ಹೊರಗೆ ನಿಲ್ಲಿಸಿದವರು ಬೇರೆ.

ಸೂಟಿಗೆ ಊರಿಗೆ ಹೋದಾಗ ಅಜ್ಜಿಯ ಪದ, ಅಪ್ಪನ ಪದ ಬರಕೊಳ್ಳಿರಿ. ಕೆಳಗೆ ಹಾಡಿದವರ ಹೆಸರು ಬರೀರಿ. ಹೆಸರಿಲ್ಲದ ಹಾಡು ಯಾರ ಪಾಲಿಗಾದರೂ ಹೋಗತೈತಿ. ಆಮೇಲೆ ನಿಮ್ಮ ಹಾಡು ಕಟ್ಟಿರಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಅವರೂ ನಿಮ್ಮಂಥ ಹುಡುಗರೇ. ಶರೀಫರು ಸೋರುವ ಮಾಳಿಗೆ ನೋಡಿ ಹಾಡು ಕಟ್ಟಿದರು. ಹಾಸ್ಟೆಲ್ಲಿನ ಮಾಳಿಗೆ ಸೋರೋದಿಲ್ಲೇನು?

ಅಪ್ಪ ಈಗಿಲ್ಲ. ಅವನ ಹತ್ತಿರ ನಾನು ಒಂದು ಪದವನ್ನೂ ಬರಕೊಳ್ಳಲಿಲ್ಲ. ನೀವು ಆ ತಪ್ಪು ಮಾಡಬ್ಯಾಡ್ರಿ.