ಕ್ಯೋಟೋ ನಗರದಲ್ಲಿ ಒಂದು ದಿನ

ನಾವು ಕ್ಯೋಟೋ ನಗರಕ್ಕೆ ಹೋದುದು ದೇವಾಲಯಗಳ ದರ್ಶನಕ್ಕಲ್ಲ, ರೇಷ್ಮೆಯ ವ್ಯವಹಾರಕ್ಕಾಗಿ. ನಮ್ಮ ಮೈಸೂರು ಸೀಮೆಯ ನೂಲು ಅಲ್ಲಿಯ ನೇಕಾರರಿಗೆ ಒಪ್ಪಿಗೆಯಾದೀತೇ ಎಂದು ವಿಚಾರಿಸುವುದು ನಮ್ಮ ಉದ್ದೇಶ.

ಬೆಳಗ್ಗೆ ಒಂಬತ್ತು ಗಂಟೆಗೆ ನಿಶಿಜಿನ್ ಕೇರಿಯ ಒಂದು ನೇಯ್ಗೆಯ ಮನೆಯನ್ನು ಸೇರಿದೆವು. ನಿಶಿಜಿನ್ ಎಂದರೆ ಪಶ್ಚಿಮದ ಪಾಳೆಯ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಒಂದು ಪಕ್ಷದ ದಂಡು ಇಳಿದಿದ್ದ ಸ್ಥಳವದು. ಯುದ್ಧ ಮುಗಿದ ಮೇಲೆ ನೇಕಾರರು ಮರಳಿ ಬಂದು ಅಲ್ಲಿ ಮಗ್ಗ ಹೂಡಿದರು. ದಂಡಿನ ಹೆಸರು ಬಟ್ಟೆಗೆ ನಿಂತಿತು.

ಉಭಯತ್ರರೂ ಬಾಗಿ ವಂದಿಸಿ, ಹೆಸರಿನ ಚೀಟಿಗಳನ್ನು ಎರಡು ಕೈಗಳಿಂದಲೂ ಕೊಟ್ಟು ಕೊಂಡು, ಹಸುರು ಚಹಾ ಕುಡಿದ ತರುವಾಯವೇ ಮಾತು. ಮನೆಯ ಹಿರಿಯರು ನಮ್ಮ ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಳೆ ದಪ್ಪವಾಗಿದ್ದ ಕಡೆಗಳಲ್ಲೆಲ್ಲ ಕೆಂಪು ದಾರವನ್ನು ಕಟ್ಟಿ ನಮ್ಮ ಕೈಗಿತ್ತು, "ಇವು ಸರಿಹೋದ ಮೇಲೆ ದಯಮಾಡಿಸಿರಿ, ಆಗ ಬೆಲೆಯನ್ನು ಮಾತಾಡೋಣ" ಎಂದರು. ಹದಿನಾಲ್ಕು ಗಂಟುಗಳಿದ್ದವು. 1930ರ ಸುಮಾರಿನಲ್ಲಿ ಜಗತ್ತಿಗೆ ಕಚ್ಚಾ ರೇಷ್ಮೆಯನ್ನು ಮಾರುತ್ತಿದ್ದ ದೇಶವು ಇಂದು ತನಗೆ ಬೇಕಾದುದರಲ್ಲಿ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಆದರೆ ಪರೀಕ್ಷೆಯೇನೂ ಸಡಿಲವಾಗಿಲ್ಲ.

ಒಳಗೆ ಒಬ್ಬ ವೃದ್ಧೆ, ಉಗುರುಗಳ ಅಂಚನ್ನು ಅರದಿಂದ ಗರಗಸದಂತೆ ತೀಡಿಕೊಂಡು, ಆ ಉಗುರುಗಳಿಂದಲೇ ಹೊಕ್ಕಿನ ಎಳೆಗಳನ್ನು ಬಿಗಿಯುತ್ತಿದ್ದರು. ಈ ವಿದ್ಯೆಯನ್ನು ಕಲಿಯುತ್ತಿರುವವರಾರು ಎಂದು ಕೇಳಿದೆವು. ಹಿರಿಯರು ಉತ್ತರ ಕೊಡದೆ ನಮ್ಮ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದರು.

ಮಧ್ಯಾಹ್ನದ ಸಭೆ ದರ, ತೂಕ, ಹಡಗಿನ ಬಾಡಿಗೆಗಳಲ್ಲಿ ಕಳೆಯಿತು. ಸಂಜೆ ಬಿಡುವಾಗಲು ನಾನ್‌ಜೆನ್‌ಜಿ ದೇವಾಲಯಕ್ಕೆ ಹೋದೆವು. ಆದರೆ ನಮ್ಮನ್ನು ತಡೆದು ನಿಲ್ಲಿಸಿದುದು ಗುಡಿಯಲ್ಲ, ಅದರ ಆವರಣದಲ್ಲೇ ಹಾದುಹೋಗುವ ಇಟ್ಟಿಗೆ ಕಮಾನುಗಳ ಮೇಲ್ಗಾಲುವೆ. 1869ರಲ್ಲಿ ಚಕ್ರವರ್ತಿಯು ಟೋಕಿಯೋವಿಗೆ ಹೋದ ಮೇಲೆ ಈ ನಗರ ಕಳೆಗುಂದಿತು. 1872ರಲ್ಲಿ ಇಲ್ಲಿಂದ ಮೂವರು ಜಕಾರ್ಡ್ ಮಗ್ಗವನ್ನು ಕಲಿಯಲು ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋದರು. ಅವರಲ್ಲಿ ಯೋಶಿದಾ ಚೂಶಿಚಿ ಎಂಬವರು ಮರಳುವಾಗ ಹಡಗೊಡೆದು ಸಮುದ್ರದ ಪಾಲಾದರು. ಅನಂತರ ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ತರುವ ಕೆಲಸ 1885ರಲ್ಲಿ ಆರಂಭವಾಯಿತು. ಅದರ ಭಾರ ಹೊತ್ತವರು 1883ರಲ್ಲಷ್ಟೇ ವಿದ್ಯಾಭ್ಯಾಸ ಮುಗಿಸಿದ್ದ ತನಾಬೆ ಸಕುರೋ. ನೀರಿನ ಚಕ್ರಗಳಿಗೆಂದು ಯೋಚಿಸಿದ್ದುದನ್ನು ಅವರು ಅಮೆರಿಕದ ಆಸ್ಪೆನ್ ಊರನ್ನು ಕಂಡುಬಂದು ವಿದ್ಯುತ್ತಿಗೆ ತಿರುಗಿಸಿದರು. ಕಾಲುವೆ 1890ರಲ್ಲಿ ಮುಗಿಯಿತು. 1891ರಲ್ಲಿ ಕೆಯಾಗೆಯ ವಿದ್ಯುದಾಗಾರ ನಡೆಯತೊಡಗಿತು. ನಮ್ಮ ಶಿವನಸಮುದ್ರಕ್ಕಿಂತ ಹನ್ನೊಂದು ವರ್ಷ ಮುಂಚೆ!

ಗುಡಿಯ ಅಂಗಳದಲ್ಲಿ ಇಟ್ಟಿಗೆ ಏಕೆ ಎನ್ನುವವರೂ ಇದ್ದಾರು. ನಮ್ಮ ಕಣ್ಣಿಗೆ ಹಾವಸೆ ಹಿಡಿದ ಆ ಕಮಾನುಗಳು ಒಪ್ಪುವಂತೆಯೇ ತೋರಿದವು. ಪಕ್ಕದ ದಿಣ್ಣೆಯನ್ನೇರಿ ಇಣಿಕಿ ನೋಡಿದೆವು. ನೀರು ಇನ್ನೂ ಹರಿಯುತ್ತಿತ್ತು.