ಟಿಕೆಟ್ ಕೊಡುವವರು ಯಾರು?

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದವನು. ಈಗ ನನ್ನದೇ ಒಂದು ಪ್ರೆಸ್ ಇದೆ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ನಿಮ್ಮಂಥವರ ಕರಪತ್ರ, ಎಲೆಕ್ಷನ್ ಬಂದರೆ ಪಕ್ಷಗಳ ಪಾಂಪ್ಲೆಟ್ಟು, ಇದೇ ನನ್ನ ಬದುಕು. ಅಮೆರಿಕದ ಅಧ್ಯಕ್ಷರ ಚುನಾವಣೆ ಬಗ್ಗೆ ಮಾತಾಡಿ ಎಂದು ನಿಮ್ಮ ಕಾರ್ಯದರ್ಶಿ ಬಂದು ಕೇಳಿದಾಗ, 'ಅದಕ್ಕೆ ಯಾವ ಪ್ರೊಫೆಸರೂ ಸಿಗಲಿಲ್ಲವೇನಪ್ಪಾ?' ಎಂದೆ. ಅವನು ಬಿಡಲಿಲ್ಲ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

ಎಲೆಕ್ಷನ್ ಸಮಯದಲ್ಲಿ ನನ್ನ ಪ್ರೆಸ್ಸಿಗೆ ಬಂದು ನೋಡಿ. ಪಾಂಪ್ಲೆಟ್ಟಿನ ಡಿಸೈನ್ ಸಿದ್ಧವಾಗಿರುತ್ತದೆ. ಚಿಹ್ನೆ ಇದೆ, ದೊಡ್ಡ ನಾಯಕರ ಫೋಟೊ ಇದೆ, ಭರವಸೆಗಳ ಪಟ್ಟಿಯೂ ಇದೆ. ಅಭ್ಯರ್ಥಿಯ ಹೆಸರಿನ ಜಾಗ ಮಾತ್ರ ಖಾಲಿ! ಯಾಕೆ? ದೆಹಲಿಯಿಂದ ಪಟ್ಟಿ ಬಂದಿಲ್ಲ, ಬಿ ಫಾರಂ ಯಾರ ಕೈಗೂ ಸಿಕ್ಕಿಲ್ಲ. ಐದು ವರ್ಷ ನಮ್ಮನ್ನಾಳುವವನ ಹೆಸರು ಆ ಖಾಲಿ ಜಾಗಕ್ಕೆ ಬಂದು ಕೂರುವಾಗ ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ಆ ಪಕ್ಷದ ಬೂತ್ ಕಾರ್ಯಕರ್ತನನ್ನಾದರೂ ಕೇಳಿದ್ದಾರೆಯೇ?

ಅಮೆರಿಕದಲ್ಲಿ ಆ ಖಾಲಿ ಜಾಗ ತುಂಬುವುದಕ್ಕೇ ಒಂದು ಚುನಾವಣೆ ನಡೆಯುತ್ತದೆ. ಅದರ ಹೆಸರು ಪ್ರೈಮರಿ. ನವೆಂಬರಿನಲ್ಲಿ ನಡೆಯುವುದು ಎರಡನೆಯ ಘಟ್ಟ. ಟಿವಿಯವರು ನಮಗೆ ತೋರಿಸುವುದು ಹೆಚ್ಚಾಗಿ ಅದನ್ನೇ.

ಇದು ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. 1968ರವರೆಗೂ ಅಲ್ಲಿ ಪಕ್ಷದ ದೊಡ್ಡ ಕುಳಗಳದ್ದೇ ದರ್ಬಾರು. ಪ್ರೈಮರಿಗಳು ಇದ್ದವು, ಆದರೆ ಕೆಲವೇ ರಾಜ್ಯಗಳಲ್ಲಿ. ಆ ವರ್ಷ ವಿಯೆಟ್ನಾಂ ಯುದ್ಧದ ವಿರುದ್ಧ ಯುವಕರು ಬೀದಿಗಿಳಿದಿದ್ದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಮತ್ತೆ ನಿಲ್ಲುವುದಿಲ್ಲ ಎಂದು ಘೋಷಿಸಿದರು. ಕ್ಯಾಲಿಫೋರ್ನಿಯಾದ ಪ್ರೈಮರಿ ಗೆದ್ದ ರಾತ್ರಿಯೇ ರಾಬರ್ಟ್ ಕೆನಡಿಗೆ ಗುಂಡೇಟು ಬಿತ್ತು. ಕೊನೆಗೆ ಶಿಕಾಗೊ ಸಮಾವೇಶದಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕಿದ್ದು ಹ್ಯೂಬರ್ಟ್ ಹಂಫ್ರಿಗೆ. ಅವರು ಒಂದೇ ಒಂದು ಪ್ರೈಮರಿಯಲ್ಲೂ ಕಣಕ್ಕಿಳಿದಿರಲಿಲ್ಲ! ಒಳಗೆ ನಾಯಕರು ಕೈ ಎತ್ತುತ್ತಿದ್ದರೆ ಹೊರಗೆ ಪೊಲೀಸರು ಯುವಕರಿಗೆ ಲಾಠಿ ಬೀಸುತ್ತಿದ್ದರು. ನವೆಂಬರಿನಲ್ಲಿ ಹಂಫ್ರಿ ನಿಕ್ಸನ್ ಎದುರು ಸೋತರು. ಆಮೇಲೆ ಪಕ್ಷಕ್ಕೆ ಬುದ್ಧಿ ಬಂತು, ನಿಯಮ ಬದಲಾಯಿತು. 1972ರಿಂದ ಈಚೆಗೆ ಅಭ್ಯರ್ಥಿಯನ್ನು ಆರಿಸುವ ಕೆಲಸ ಬಹುಮಟ್ಟಿಗೆ ಮತದಾರರ ಕೈಗೆ ಬಂತು. ರಿಪಬ್ಲಿಕನ್ ಪಕ್ಷವೂ ಅದೇ ದಾರಿ ಹಿಡಿಯಿತು.

ಪ್ರೈಮರಿ ನಡೆಯುವ ರೀತಿ ಕೇಳಿ. ಬಹುತೇಕ ರಾಜ್ಯಗಳಲ್ಲಿ ಇದನ್ನು ನಡೆಸುವುದು ಪಕ್ಷವಲ್ಲ, ಸರ್ಕಾರ. ಎರಡು ಪಕ್ಷಕ್ಕೆ ಎರಡು ಬೇರೆ ಬೇರೆ ಮತಪತ್ರ, ಸರ್ಕಾರದ ಖರ್ಚಿನಲ್ಲೇ ಅಚ್ಚಾಗುತ್ತದೆ. ಕೆಲವು ರಾಜ್ಯಗಳಲ್ಲಿ 'ನಾನು ಇಂಥ ಪಕ್ಷದವನು' ಎಂದು ಮತದಾರರ ಪಟ್ಟಿಯಲ್ಲೇ ಬರೆಸಿಕೊಂಡವನಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು. ಇನ್ನು ಕೆಲವು ರಾಜ್ಯಗಳಲ್ಲಿ ಯಾರು ಬೇಕಾದರೂ ಹೋಗಿ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಗಳಿಸಿದ ಓಟಿನ ಮೇಲೆ ಅಭ್ಯರ್ಥಿಗೆ ಪ್ರತಿನಿಧಿಗಳು ಸಿಗುತ್ತಾರೆ. ಡೆಮಾಕ್ರಟರಲ್ಲಿ ನೂರಕ್ಕೆ 15ರಷ್ಟಾದರೂ ಓಟು ಬಂದವರ ನಡುವೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ರಿಪಬ್ಲಿಕನ್ನರಲ್ಲಿ ಹಲವು ರಾಜ್ಯಗಳಲ್ಲಿ ಮೊದಲು ಬಂದವನಿಗೇ ಎಲ್ಲರೂ. ಬೇಸಿಗೆಯ ಸಮಾವೇಶದಲ್ಲಿ ಯಾರಿಗೆ ಪ್ರತಿನಿಧಿಗಳ ಬಹುಮತವೋ ಅವರಿಗೆ ಟಿಕೆಟ್.

ಇದರಿಂದ ಏನಾಯಿತು? 2008ರಲ್ಲಿ ಹಿಲರಿ ಕ್ಲಿಂಟನ್ನರಿಗೇ ಟಿಕೆಟ್ ಎಂದು ಎಲ್ಲರೂ ಅಂದುಕೊಂಡಿದ್ದಾಗ ಬರಾಕ್ ಒಬಾಮ ಅಯೋವಾದಲ್ಲಿ ಗೆದ್ದು ಲೆಕ್ಕ ತಲೆಕೆಳಗು ಮಾಡಿದರು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಹಿರಿತಲೆಗಳು ಬೇಡ ಬೇಡ ಎಂದರೂ ಡೊನಾಲ್ಡ್ ಟ್ರಂಪ್ ಟಿಕೆಟ್ ಗೆದ್ದುಕೊಂಡರು. ಈ ಇಬ್ಬರಲ್ಲಿ ನಿಮಗೆ ಯಾರು ಇಷ್ಟವೋ ಯಾರು ಕಷ್ಟವೋ ನನಗೆ ಗೊತ್ತಿಲ್ಲ. ಹೈಕಮಾಂಡಿನ ಕೈಯಲ್ಲಿ ಬಿ ಫಾರಂ ಇದ್ದಿದ್ದರೆ ಇಬ್ಬರೂ ಅಧ್ಯಕ್ಷರಾಗುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ.

ಹಾಗಂತ ಎಲ್ಲ ಚೆಂದ ಎಂದು ಹೇಳಲು ನಾನು ಬಂದಿಲ್ಲ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ, ಪ್ರೈಮರಿ ಮೊದಲು ನಮ್ಮಲ್ಲೇ ಆಗಬೇಕು ಎಂದು ಕಾನೂನೇ ಮಾಡಿಕೊಂಡಿದೆ. ಅಲ್ಲಿನ ಜನಸಂಖ್ಯೆ ಸುಮಾರು 14 ಲಕ್ಷ, ನಮ್ಮ ಚಿತ್ರದುರ್ಗ ಜಿಲ್ಲೆಗಿಂತ ಕಡಿಮೆ. ಅಲ್ಲಿ ಮಕಾಡೆ ಬಿದ್ದವನಿಗೆ ದುಡ್ಡು ಕೊಡುವವರು ಹಿಂದೆ ಸರಿಯುತ್ತಾರೆ, ಮನೆಗೆ ಹೋಗುತ್ತಾನೆ. ಕೊನೆಯಲ್ಲಿ ಓಟು ಹಾಕುವ ರಾಜ್ಯಗಳಿಗೆ ಉಳಿಯುವುದು ಎಂಜಲೆಲೆ.

2024ರಲ್ಲಂತೂ ತಮಾಷೆಯೇ ಆಯಿತು. ಡೆಮಾಕ್ರಟಿಕ್ ಪ್ರೈಮರಿಗಳನ್ನು ಗೆದ್ದವರು ಜೋ ಬೈಡನ್. ಜೂನ್ ಕೊನೆಯ ಟಿವಿ ಚರ್ಚೆಯಲ್ಲಿ ತಡವರಿಸಿದರು. ಪಕ್ಷದೊಳಗೆ ಗುಸುಗುಸು ಜೋರಾಯಿತು. ಜುಲೈ 21ಕ್ಕೆ ಕಣದಿಂದ ಹಿಂದೆ ಸರಿದರು. ಬೈಡನ್ ಹೆಸರಿಗೆ ಆರಿಸಿ ಬಂದಿದ್ದ ಪ್ರತಿನಿಧಿಗಳೇ ಕಮಲಾ ಹ್ಯಾರಿಸ್‌ಗೆ ಟಿಕೆಟ್ ಕೊಟ್ಟರು. ಆ ವರ್ಷದ ಯಾವ ಪ್ರೈಮರಿಯಲ್ಲೂ ಹ್ಯಾರಿಸ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿರಲಿಲ್ಲ. ನವೆಂಬರಿನಲ್ಲಿ ಸೋತರು.

ಅಂದಹಾಗೆ, ಪ್ರೈಮರಿ ಎಂಬ ಹೆಸರು ನಮ್ಮ ರಾಜ್ಯಕ್ಕೂ ಒಮ್ಮೆ ಬಂದಿತ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನಲ್ಲಿ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿಸಿದರು. ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡೂ ಅದರಲ್ಲಿದ್ದವು. ಓಟು ಹಾಕಿದ್ದು ಪಕ್ಷದ ಪದಾಧಿಕಾರಿಗಳಂಥವರು, ನಿಮ್ಮ ನಮ್ಮಂಥ ಮತದಾರರಲ್ಲ. ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದರು. ನಿಜವಾದ ಚುನಾವಣೆಯಲ್ಲಿ ಇಬ್ಬರೂ ಸೋತರು. ಅರ್ಧ ಬೆಂದ ಅನ್ನ ಉಂಡು ಅಕ್ಕಿಯೇ ಸರಿಯಿಲ್ಲ ಎಂದ ಹಾಗೆ, 'ನೋಡಿ, ಇದೆಲ್ಲ ನಮ್ಮ ದೇಶಕ್ಕಲ್ಲ' ಎನ್ನುವವರಿಗೆ ಅನುಕೂಲವಾಯಿತು.

ಇನ್ನು ನವೆಂಬರಿನ ಘಟ್ಟ. ಅಲ್ಲಿ ಪಕ್ಷಗಳು ಎರಡೇ ಇಲ್ಲ, ಬೇರೆಯವೂ ಇವೆ. ಆದರೆ ಗೆಲ್ಲುವುದು ಎರಡೇ. ಕಾರಣ ಲೆಕ್ಕದ ರೀತಿ. ಒಟ್ಟು 538 ಎಲೆಕ್ಟರುಗಳು, 270 ಬಂದರೆ ಗೆಲುವು. ಮೈನ್, ನೆಬ್ರಾಸ್ಕ ಎರಡು ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲೂ ಒಂದು ಓಟು ಮುಂದಿದ್ದವನಿಗೆ ಆ ರಾಜ್ಯದ ಎಲ್ಲ ಎಲೆಕ್ಟರುಗಳು. ಕರ್ನಾಟಕದಲ್ಲಿ ಒಂದೇ ಓಟು ಹೆಚ್ಚು ಪಡೆದ ಪಕ್ಷಕ್ಕೆ 28 ಲೋಕಸಭಾ ಸೀಟೂ ಹೋದಂತೆ! 1992ರಲ್ಲಿ ರಾಸ್ ಪೆರೊ ಎಂಬ ಶ್ರೀಮಂತ ಪಕ್ಷೇತರನಾಗಿ ನಿಂತು ನೂರಕ್ಕೆ 19ರಷ್ಟು ಓಟು ತೆಗೆದ. ಸಿಕ್ಕ ಎಲೆಕ್ಟರುಗಳು? ಸೊನ್ನೆ. 2016ರಲ್ಲಿ ಹಿಲರಿಗೆ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಓಟು ಬಂತು, ಅಧ್ಯಕ್ಷರಾದದ್ದು ಟ್ರಂಪ್.

ಈಗ ನನ್ನ ಕಸುಬಿನ ಮಾತು. 2000ದಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಬುಷ್ ಗೆದ್ದದ್ದು 537 ಓಟಿನಿಂದ. ಅದರ ಬಲದಿಂದಲೇ ಅಧ್ಯಕ್ಷರಾದರು. ಅಲ್ಲಿನ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರು ಹೆಚ್ಚು. ಅವರಿಗೆ ಓದಲು ಅನುಕೂಲವಾಗಲಿ ಎಂದು ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದೇ ಪುಟದಲ್ಲಿ ಹಿಡಿಸಲಿಲ್ಲ. ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು, ತೂತು ಹೊಡೆಯುವ ಸಾಲು ನಟ್ಟನಡುವೆ. ಎಡಗಡೆ ಎರಡನೆಯ ಹೆಸರು ಅಲ್ ಗೋರ್, ಆದರೆ ಎರಡನೆಯ ತೂತು ಬಲಗಡೆಯ ಬ್ಯುಕ್ಯಾನನ್‌ಗೆ ಸೇರಿದ್ದು. 19,000ಕ್ಕೂ ಹೆಚ್ಚು ಜನ ಒಂದಕ್ಕಿಂತ ಹೆಚ್ಚು ತೂತು ಹೊಡೆದು ಅವರ ಓಟು ರದ್ದಾಯಿತು. ಅಳತೆ ಮೀರಿದ ಅಕ್ಷರ, ತಪ್ಪಿದ ಅಲೈನ್‌ಮೆಂಟು! ಪ್ರೂಫ್ ತಂದುಕೊಟ್ಟಾಗ ನೋಡದೆ 'ಹೊಡೀರಿ' ಎನ್ನುವ ಗಿರಾಕಿಗಳಿಗೆ ನಾನು ಈ ಕತೆ ಹೇಳುತ್ತಿರುತ್ತೇನೆ.

ಮತಪತ್ರದ ಇನ್ನೊಂದು ಸಂಗತಿ ನಿಮಗೆಂದೇ ತಂದಿದ್ದೇನೆ. ಅಮೆರಿಕ ಎಂದರೆ ಇಂಗ್ಲಿಷು ಎಂದುಕೊಂಡಿದ್ದೇವೆ. ಆದರೆ ಅವರು 1975ರಲ್ಲೇ ಮತದಾನ ಹಕ್ಕಿನ ಕಾಯಿದೆಗೆ ತಿದ್ದುಪಡಿ ತಂದರು. ಸ್ಪ್ಯಾನಿಷ್, ಏಷ್ಯಾದ ಭಾಷೆಗಳು, ಅಲ್ಲಿನ ಮೂಲನಿವಾಸಿಗಳ ಭಾಷೆಗಳನ್ನಾಡುವ, ಇಂಗ್ಲಿಷ್ ಸರಿಯಾಗಿ ಬಾರದ ನಾಗರಿಕರು ಒಂದು ಮಟ್ಟಕ್ಕಿಂತ ಹೆಚ್ಚಿರುವ ಕಡೆ ಅವರ ಭಾಷೆಯಲ್ಲೂ ಮತಪತ್ರ ಕೊಡಲೇಬೇಕು. ಪ್ರೈಮರಿಗೂ ಕೊಡಬೇಕು, ನವೆಂಬರಿಗೂ ಕೊಡಬೇಕು. 2013ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮತಪತ್ರದ ಮೇಲೆ ಬಂಗಾಳಿ ಅಕ್ಷರ ಮೂಡಿತು. 2025ರ ಮಾರ್ಚಿನಲ್ಲಿ ಟ್ರಂಪ್ 'ಇಂಗ್ಲಿಷೇ ಅಧಿಕೃತ ಭಾಷೆ' ಎಂದು ಆದೇಶ ಹೊರಡಿಸಿದರು. ಆದರೆ ಮತಪತ್ರದ ಈ ನಿಯಮ ಅವರ ಸಂಸತ್ತು ಮಾಡಿದ ಕಾಯಿದೆ. ಅಧ್ಯಕ್ಷರ ಒಂದು ಆದೇಶದಿಂದ ಅಳಿಸಿ ಹೋಗುವಂಥದ್ದಲ್ಲ. 2006ರಲ್ಲಿ ಅದನ್ನು 2032ರವರೆಗೆ ವಿಸ್ತರಿಸಿದ್ದಾರೆ.

ಪ್ರೆಸ್ಸಿನಲ್ಲಿ ಹುಡುಗರು ಮಿಷನ್ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಹೊರಡುವ ಮುಂಚೆ ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.